ಬಟ್ಟಲು ಕೊಟ್ಟ ಕೈ

ಮಹಾರಾಜರ ಆಳ್ವಿಕೆ ಮುಗಿದ ಮೇಲೂ ಜರಿಪೇಟ ಬಿಡದಿದ್ದ ನಮ್ಮ ಚರಿತ್ರೆ ಮೇಷ್ಟ್ರು ಯುದ್ಧಗಳನ್ನೆಲ್ಲ ಕೂತೇ ಮುಗಿಸುತ್ತಿದ್ದರು. ಅಲೆಕ್ಸಾಂಡರನ ಸಾವಿಗೆ ಮಾತ್ರ ಎದ್ದು ನಿಲ್ಲುತ್ತಿದ್ದರು. ಲೋಕ ಗೆದ್ದವನು ಬ್ಯಾಬಿಲೋನಿನಲ್ಲಿ ಔತಣ ಉಂಡು, ಜ್ವರ ಹಿಡಿದು, ಮಾತು ನಿಂತು ಸತ್ತ. ಜ್ವರವೋ ವಿಷವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮ್ಮ ಮೇಷ್ಟ್ರಿಗೆ ಗೊತ್ತಿತ್ತು. ಕೋಟಿನ ತೋಳು ಸರಿಸಿ, ಇಲ್ಲದ ಬಟ್ಟಲೊಂದನ್ನು ನಮ್ಮತ್ತ ಚಾಚಿ, "ಬಟ್ಟಲು ಕೊಟ್ಟ ಕೈ ನೋಡ್ರೋ, ಕೈ ನೋಡಿ!" ಎನ್ನುತ್ತಿದ್ದರು. ನಮಗೆ ಮೈ ಜುಮ್ಮೆನ್ನುತ್ತಿತ್ತು.

ಆ ವರ್ಷ ಅವರ ಹೆಂಡತಿ ಜ್ವರದಲ್ಲಿ ತೀರಿಕೊಂಡರು. ಕಷಾಯ ಕಾಯಿಸಿ ಕುಡಿಸುತ್ತಿದ್ದವರು ಮೇಷ್ಟ್ರೇ. "ಅದರಲ್ಲಿ ಏನ್ ಹಾಕಿದ್ರೋ ಯಾರಿಗ್ ಗೊತ್ತು ಕಣಮ್ಮ," ಎಂದು ಅಗ್ರಹಾರದ ನಲ್ಲಿಯ ಹತ್ತಿರ ಹೆಂಗಸರು ಪಿಸುಗುಟ್ಟತೊಡಗಿದರು. ಸೂತಕದ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಸರಿ. ಸೂತಕ ಕಳೆದು, ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ ನಾನು ಅಮ್ಮನ ಜೊತೆ ಹೋದಾಗ, ಅವರೇ ಕಾಫಿ ಮಾಡಿ ತಂದರು.

"ಈಗ್ತಾನೆ ಕುಡ್ದು ಬಂದ್ಬುಟ್ಟೆ ಮೇಷ್ಟ್ರೇ," ಎಂದಳು ಅಮ್ಮ. ಅವರು ಲೋಟ ಚಾಚಿಕೊಂಡೇ ನಿಂತಿದ್ದರು. ಅಮ್ಮನ ಕಣ್ಣು ಅವರ ಕೈ ಮೇಲೇ ಇತ್ತು.

ಪರೀಕ್ಷೆಗೆ ಮುಂಚೆ ಆ ಪಾಠವನ್ನು ಇನ್ನೊಂದು ಸಲ ಓದಿಸಿದರು. ಈ ಸಲ ಅವರು ಏಳಲಿಲ್ಲ. ಹಿಂದಿನ ಬೆಂಚಿನವನೊಬ್ಬ ಆಸೆಯಿಂದ, "ಸಾರ್, ಬಟ್ಟಲು ಕೊಟ್ಟ ಕೈ?" ಎಂದು ಕೇಳಿದ.

ಮೇಷ್ಟ್ರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದರು.

"ಜ್ವರ ಕಣ್ರೋ," ಎಂದರು. "ಬರೀ ಜ್ವರ."