ಎರಡು ಭಾಷೆಯ ಚೀಟಿ ಮತ್ತು ಕಪ್ಪಾಗದ ನಳಿಕೆಗಳು

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇಂದು ಬೆಳಿಗ್ಗೆ ಮೇಜಿನ ಖಾನೆ ಒಪ್ಪಮಾಡುವಾಗ ಬೆರಳುದ್ದದ ಗಾಜಿನ ನಳಿಕೆಯೊಂದು ಸಿಕ್ಕಿತು. ಒಳಗೆ ಕಪ್ಪು ದ್ರವ. ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತವನ್ನು ಹತ್ತಿರ ಹಿಡಿದೆ. ಕಪ್ಪೆಲ್ಲ ಮೆಲ್ಲಗೆ ಆ ಕಡೆಗೆ ಸರಿಯಿತು.

"ಇದೇನ್ರೀ, ಹೆಸರಿಲ್ಲ, ಗುರುತಿಲ್ಲ? ಔಷಧಿ ಅಂತ ಯಾರಾದ್ರೂ ಕುಡಿದ್ರೆ? ಒಂದು ಚೀಟಿ ಅಂಟಿಸಿ" ಎಂದಳು ಪತ್ನಿ.

ಚೀಟಿಯ ವಿಷಯದಲ್ಲಿ ನನ್ನ ಸೇವಾ ದಾಖಲೆ ಅಷ್ಟು ಚೆನ್ನಾಗಿಲ್ಲವೆಂಬುದನ್ನು ಈ ಮೂಲಕ ತಿಳಿಯಪಡಿಸುತ್ತೇನೆ.

ಮೆಟ್ರೊ ಇನ್ನೂ ನಮ್ಮ ಮಯೂರ್ ವಿಹಾರಕ್ಕೆ ಬಂದಿರದ ಕಾಲ. ನಾನು ದಿಲ್ಲಿಯ ಒಂದು ವಿಜ್ಞಾನ ಸಂಸ್ಥೆಯಲ್ಲಿ ದಾಸ್ತಾನು ಗುಮಾಸ್ತ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹಾಸನದ ಹುಡುಗಿ ವತ್ಸಲಾ, ಕಬ್ಬಿಣದ ಲವಣವನ್ನೂ ಇನ್ನೇನೋ ದ್ರವವನ್ನೂ ನಳಿಕೆಗಳಲ್ಲಿ ಬೆರೆಸಿ ದೀಪದ ಮುಂದೆ ನಿಲ್ಲಿಸುತ್ತಿದ್ದಳು. ಬೆಳಕು ಬಿದ್ದರೆ ಕಣ್ಣಿಗೆ ಕಾಣದ ಆಯಸ್ಕಾಂತೀಯ ಕಣಗಳು ಹುಟ್ಟಬೇಕು, ಜೊತೆಗೇ ಅವುಗಳ ಮೈಮೇಲೆ ಪಾಲಿಮರಿನ ಹೊದಿಕೆಯೂ ಕಟ್ಟಬೇಕು.

"ಹುಟ್ಟೋವಾಗ್ಲೇ ಸ್ವೆಟರ್ ಹಾಕ್ಕೊಂಡು ಹುಟ್ಟುತ್ವೆ ರಾಯರೇ. ದಿಲ್ಲಿ ಚಳಿಗೆ ಹೇಳಿ ಮಾಡ್ಸಿದ ಹಾಗೆ" ಎನ್ನುತ್ತಿದ್ದಳು.

ಆದರೆ ಕಣ ಹುಟ್ಟಿದರೆ ಕಪ್ಪಾಗಬೇಕಾದ ಸದರಿ ದ್ರವ ಎರಡು ವಾರಗಳಿಂದ ತೆಳು ಚಹಾದ ಬಣ್ಣದಲ್ಲೇ ಉಳಿದಿತ್ತು. ಶುಕ್ರವಾರದೊಳಗೆ ಕಪ್ಪಾಗದಿದ್ದರೆ ವಿಷಯವನ್ನೇ ಬದಲಿಸಬೇಕೆಂದು ಅವಳ ಮಾರ್ಗದರ್ಶಕರು ಆದೇಶಿಸಿದ್ದರು. ಎರಡು ವರ್ಷದ ದುಡಿಮೆ ನೀರಿಗೆ ಬೀಳುವುದರಲ್ಲಿತ್ತು.

ಗುರುವಾರ ಅವಳ ಪ್ರಯೋಗಾಲಯಕ್ಕೆ ದಾಸ್ತಾನು ಎಣಿಸಲು ಹೋದವನು ಒಂದು ನಳಿಕೆ ಮಾತ್ರ ಕಪ್ಪಾಗಿರುವುದನ್ನು ಕಂಡೆ. ಅದರ ಬುಡದಲ್ಲಿ ಗೋಂದು ಬಿಟ್ಟ ಚೀಟಿಯೊಂದು ಬಿದ್ದಿತ್ತು. ಅಕ್ಷರ ನನ್ನದೇ. ಎರಡು ವಾರದ ಹಿಂದೆ ತಪಾಸಣೆಗೆಂದು ಪ್ರತಿ ನಳಿಕೆಗೂ ಸಂಸ್ಥೆಯ ಹೆಸರು, ವಿಭಾಗ, ಕಡತದ ಸಂಖ್ಯೆಗಳನ್ನು ನಿಯಮಾನುಸಾರ ಹಿಂದಿ, ಇಂಗ್ಲಿಷ್ ಎರಡರಲ್ಲೂ ಬರೆದು ಅಂಟಿಸಿದ್ದೆ. ಎರಡು ಭಾಷೆ ಹಿಡಿಸಲು ಚೀಟಿ ಗಾಜನ್ನು ಪೂರ್ತಿ ಸುತ್ತಬೇಕಾಗಿತ್ತು; ಬೆಳಕು ಒಳಹೋಗಲು ಸಂದೇ ಉಳಿದಿರಲಿಲ್ಲ.

ಯಾರೂ ನೋಡದಂತೆ ಉಳಿದ ಚೀಟಿಗಳನ್ನು ಕಿತ್ತುಬಿಡುವ ಯೋಚನೆ ಬಂದದ್ದು ನಿಜ. ಆದರೆ ಬಾಗಿಲಲ್ಲಿ ವತ್ಸಲಾಳೇ ನಿಂತಿದ್ದಳು, ಕಣ್ಣು ಊದಿತ್ತು.

"ನನ್ನಿಂದ ಒಂದು ಲೋಪವಾಗಿದೆಯಮ್ಮ" ಎಂದೆ.

ಅವಳು ಚೀಟಿ ನೋಡಿದಳು, ನಳಿಕೆ ನೋಡಿದಳು, ಸ್ಟೂಲಿನ ಮೇಲೆ ಕುಸಿದು ನಕ್ಕಳು. "ರಾಯರೇ, ಒಳಗಿನ ಸ್ವೆಟರಿಗೆ ಕಾಯ್ತಾ ಇದ್ದೆ. ನೀವು ಹೊರಗಿಂದ ರಜಾಯಿ ಹೊದಿಸಿದ್ರಾ?"

ಸಂಜೆಯವರೆಗೆ ಇಬ್ಬರೂ ಬಿಸಿನೀರಿನಲ್ಲಿ ಚೀಟಿ ನೆನೆಸಿ ಉಜ್ಜಿದೆವು, ರಾತ್ರಿಯಿಡೀ ನಳಿಕೆಗಳನ್ನು ದೀಪದ ಮುಂದೆ ಬಿಟ್ಟೆವು. ಶುಕ್ರವಾರ ಮಾರ್ಗದರ್ಶಕರು ಆಯಸ್ಕಾಂತ ಹಿಡಿದಾಗ ಹತ್ತೂ ನಳಿಕೆಗಳ ಕಪ್ಪು ಓಡಿಬಂತು.

"ಅಚ್ಛಾ. ಚಲೋ, ಇದನ್ನೇ ಮುಂದುವರಿಸು" ಎಂದವರು ನನ್ನತ್ತ ತಿರುಗಿದರು. "ಲೇಬಲ್ ಕಹಾಂ ಹೈ?"

"ಚೀಟಿ ಪರಿಶೀಲನೆಯಲ್ಲಿದೆ, ಸರ್" ಎಂದೆ.

ಆ ಹತ್ತರಲ್ಲೊಂದನ್ನು ವತ್ಸಲಾ ನನಗೆ ಕೊಟ್ಟಳು, ಬರಿಯ ಗಾಜಿನಲ್ಲಿ.

ಪತ್ನಿಯ ಆಕ್ಷೇಪಣೆ ನ್ಯಾಯಯುತವಾದ್ದರಿಂದ ಈಗಷ್ಟೇ ಚೀಟಿ ಅಂಟಿಸಿದ್ದೇನೆ: "ಕುಡಿಯಬಾರದು." ಉಗುರಗಲದ್ದು, ಒಂದೇ ಭಾಷೆಯಲ್ಲಿ, ಮುಚ್ಚಳದ ಮೇಲೆ.