ಗಿರಿಜಕ್ಕ ಕೇಳಿದ ಕಿಟಕಿ

ಮನುಷ್ಯನ ದೇಹದ ಹಾಗೆ ಕಟ್ಟಡಕ್ಕೂ ಎಡಬಲಗಳು ಸರಿಸಮ ಇರಬೇಕೆಂಬುದು ನಾಗರಿಕತೆ ಕಂಡುಕೊಂಡ ಗಂಭೀರ ಸತ್ಯಗಳಲ್ಲಿ ಒಂದು. ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡವೆಂದು ಉಡುಪಿಯ ಮೂಳೆವೈದ್ಯರೊಬ್ಬರು ಹೇಳುವ ತನಕ ನಾನೂ ಅದನ್ನು ಸಂಶಯವಿಲ್ಲದೆ ನಂಬಿದ್ದೆ. ಆ ಸತ್ಯದ ರಕ್ಷಣೆಗಾಗಿ ಕಾಪುವಿನ ಒಬ್ಬ ಹೆಂಗಸಿಗೆ ನಾನು ಸುಳ್ಳು ಹೇಳಿದೆ. ಹೇಳಿದ್ದು ತಪ್ಪು. ಅದರ ಫಲವನ್ನು ಕಣ್ಣಾರೆ ಕಂಡ ಮೇಲೂ ಬಾಯಿ ಬಿಡದೆ ಇದ್ದದ್ದು — ಅದಕ್ಕೆ ತಪ್ಪು ಎಂಬ ಶಬ್ದ ಸಾಲದು. ಸರಿಯಾದ ಶಬ್ದ ಹುಡುಕುತ್ತಿದ್ದೇನೆ ಎಂಬ ನೆಪದಲ್ಲೇ ಇಷ್ಟು ವರ್ಷ ತಳ್ಳಿದೆ.

ನಾನು ಕಾರ್ಕಳದವನು. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುವ ಮೇಷ್ಟ್ರಾಗಿದ್ದೆ. ನನ್ನ ಪಾಲಿಗೆ ಬಂದ ಪಾಠ ಇಟಲಿಯ ಪುನರುಜ್ಜೀವನ ಕಾಲದ ಕಟ್ಟಡ ಸಿದ್ಧಾಂತ. ಇಟಲಿಗೆ ಹೋದವನಲ್ಲ, ಅದರ ಅಗತ್ಯ ಕಂಡಿರಲಿಲ್ಲ. ಪ್ರೊಜೆಕ್ಟರ್ ಇತ್ತು, ಸ್ಲೈಡುಗಳಿದ್ದವು. ಮಣಿಪಾಲ ಆಗಿನ್ನೂ ಬೋಳುಗುಡ್ಡದ ಸ್ವಭಾವವನ್ನು ಪೂರ್ತಿ ಬಿಟ್ಟಿರಲಿಲ್ಲ — ಬೇಸಗೆಯಲ್ಲಿ ಕೆಂಪು ಧೂಳು ಒಳಗೆ ಬಂದು ಇಟಲಿಯ ಬಿಳಿ ಅರಮನೆಗಳ ಮೇಲೆ ಕೂರುತ್ತಿತ್ತು. ಸ್ಲೈಡನ್ನು ಎಡಬಲ ತಿರುಗಿಸಿ ಹಾಕಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಮಮಿತಿಯ ಈ ಒಂದು ಉಪಯೋಗವನ್ನು ಯಾವ ಸಿದ್ಧಾಂತಿಯೂ ಬರೆದಿಟ್ಟಿಲ್ಲ.

ಆ ದಿನಗಳು ಚಂದ ಇದ್ದವು. ಕಟ್ಟಡಕ್ಕೆ ಮುಖ ಉಂಟು, ಬಾಗಿಲು ಮೂಗಿನ ಹಾಗೆ ನಡುವೆ, ಕಿಟಕಿಗಳು ಕಣ್ಣುಗಳ ಹಾಗೆ ಜೋಡಿ. ವೀಣೆಯ ತಂತಿಗೆ ಯಾವ ಅಳತೆ ಇಂಪೋ ಕೋಣೆಗೂ ಅದೇ ಅಳತೆ ಇಂಪು — ಕತ್ತಲೆಯ ತರಗತಿಯಲ್ಲಿ ನಿಂತು ಇದನ್ನು ಹೇಳುವಾಗ ನನ್ನ ದನಿಯೇ ನನಗೆ ಹಿತವಾಗುತ್ತಿತ್ತು. ಈ ವಿಚಾರ ಇಟಲಿಯಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ನಮ್ಮ ಕಲೆಕ್ಟರರ ಬಂಗಲೆಗೆ ಇಳಿದು, ಕಟ್ಟಕಡೆಗೆ ಸಂತೆಕಟ್ಟೆಯ ಹೆದ್ದಾರಿ ಬದಿಯಲ್ಲಿ ಗಿರಾಕಿಗಾಗಿ ಕಾಯುವ ಸಿಮೆಂಟು ಕಂಬಗಳ ನೆತ್ತಿಯ ಎಲೆಗೊಂಚಲಿಗೆ ಬಂದು ಮುಟ್ಟಿತೆಂದು ವಿವರಿಸಿದರೆ ವಿದ್ಯಾರ್ಥಿಗಳು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಭಕ್ತರು ನಗುವುದಿಲ್ಲ.

ಗಿರಿಜಕ್ಕ ಕಾಪುವಿನಿಂದ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಂದು ನಮ್ಮ ಬೀದಿಯಲ್ಲಿ ಮೀನು ಮಾರುತ್ತಿದ್ದರು. ಗೇಟಿನ ಹೊರಗಿಂದಲೇ ಕೂಗು: "ಮಾಸ್ಟ್ರೇ, ಬಂಗುಡೆ ಉಂಟು! ನೋಡಿ, ಎರಡು ಕಣ್ಣೂ ಹೊಳೆಯುತ್ತದೆ, ನಿಮ್ಮ ಲೆಕ್ಕಕ್ಕೆ ಸರಿಯಾಗಿ." ನನ್ನ ಪಾಠದ ವಿಷಯ ನನ್ನ ಹೆಂಡತಿಯ ಮೂಲಕ ಅವರಿಗೆ ತಲುಪಿತ್ತು. ಗಂಡ ವಾಮನಣ್ಣ ನಾಡದೋಣಿಯಲ್ಲಿ ಮೀನಿಗೆ ಹೋಗುವವರು, ಮಾತು ಕಡಿಮೆ, ನಗು ಜಾಸ್ತಿ. ಕಡಲಬದಿಯಲ್ಲಿ ಸ್ವಂತ ಮನೆ ಕಟ್ಟಲು ಹೊರಟಾಗ ಗಿರಿಜಕ್ಕ ನಕ್ಷೆ ಬರೆದುಕೊಡಿ ಎಂದು ನನ್ನಲ್ಲಿಗೇ ಬಂದರು. ಪಾಠ ಹೇಳಿ ಹೇಳಿ ಬೇಸತ್ತಿದ್ದ ನನಗೆ ಕಟ್ಟುವುದಕ್ಕೊಂದು ಮನೆ ಸಿಕ್ಕಿತು.

ನಾನು ಬರೆದದ್ದು ಸಣ್ಣ ಮನೆ. ಆದರೆ ಅದರ ಮುಖ — ಈಗಲೂ ಹೇಳುತ್ತೇನೆ — ನಿರ್ದೋಷವಾಗಿತ್ತು. ಪಡುವಣಕ್ಕೆ ಮುಖ, ನಡುವೆ ಬಾಗಿಲು, ಆಚೀಚೆ ಒಂದೊಂದು ಕಿಟಕಿ. ಗಿರಿಜಕ್ಕ ನಕ್ಷೆಯನ್ನು ನೋಡಿ ಎಡತುದಿಗೆ, ಉತ್ತರದ ಮೂಲೆಗೆ, ಬೆರಳಿಟ್ಟರು.

"ಇಲ್ಲಿ ಇನ್ನೊಂದು ಕಿಟಕಿ ಬೇಕು ಮಾಸ್ಟ್ರೇ. ಎದುರಿಗೆ ಪೂರಾ ಆಚೆಮನೆಯವರ ಗೋಡೆ. ಈ ಮೂಲೆಯಲ್ಲಿ ಒಂದು ಸಂದು ಉಂಟು. ದೋಣಿ ದಡಕ್ಕೆ ಬರುವುದು ಅಲ್ಲಿಂದ ಮಾತ್ರ ಕಾಣುವುದು."

ಒಂದು ಕಡೆ ಎರಡು ಕಣ್ಣು, ಇನ್ನೊಂದು ಕಡೆ ಒಂದು! ಜೊತೆಗೆ ಬಲತುದಿಯಲ್ಲೂ ಒಂದನ್ನು ಇಡೋಣವೆಂದರೆ ಅಲ್ಲಿ ಮೆಟ್ಟಿಲು ಬಂದಿತ್ತು. ಮನೆಯ ಚಂದ ಕೆಡುತ್ತದೆ ಎಂದೆ.

"ಎಂತ ಚಂದ ಮಾಸ್ಟ್ರೇ? ಮನೆಯ ಮುಖ ನೋಡುವುದು ದಾರಿಯಲ್ಲಿ ಹೋಗುವವರು. ನಾನು ಒಳಗೆ ಇರುವುದಲ್ವಾ?"

ಐನೂರು ವರ್ಷದ ಸಿದ್ಧಾಂತಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಉತ್ತರವಿಲ್ಲದ ವಿದ್ವಾಂಸ ಏನು ಮಾಡುತ್ತಾನೋ ಅದನ್ನೇ ಮಾಡಿದೆ — ಮುಖ ಗಂಭೀರ ಮಾಡಿಕೊಂಡೆ. ಮನೆಯ ವಾಸ್ತು ನೋಡಿಸುವವರನ್ನು ಕಂಡರೆ ಜೀವಮಾನವಿಡೀ ನಕ್ಕವನು ನಾನು; ಇಟಲಿಯ ವಾಸ್ತುವಿಗೆ ಕೈ ಮುಗಿಯುತ್ತಿದ್ದೇನೆಂದು ಹೊಳೆದೇ ಇರಲಿಲ್ಲ. ಆ ಗಳಿಗೆಯಲ್ಲಿ ಆ ನಗುವವನು ಎಲ್ಲಿ ಹೋದನೋ —

"ಗಿರಿಜಕ್ಕ, ಅದು ವಾಯುವ್ಯ ಮೂಲೆ. ಅಲ್ಲಿ ತೆರೆದರೆ ಮನೆಯ ಯಜಮಾನನಿಗೆ ಆಗುವುದಿಲ್ಲ. ನೀರಿನ ಮೇಲೆ ದುಡಿಯುವವನಿಗಂತೂ ಆಗುವುದೇ ಇಲ್ಲ."

ಅವರು ಬೆರಳನ್ನು ಕಾಗದದಿಂದ ತೆಗೆದರು, ಬಿಸಿ ತಾಗಿದ ಹಾಗೆ. "ಹಾಗಾದರೆ ಬೇಡ ಮಾಸ್ಟ್ರೇ," ಎಂದರು. ಅಷ್ಟೆ.

ಮನೆ ಎದ್ದಿತು. ನಾನು ಅದರ ಫೋಟೋ ತೆಗೆದು ತರಗತಿಯಲ್ಲಿ ತೋರಿಸಿದೆ, ಇಟಲಿಯ ಅರಮನೆಯ ಪಕ್ಕದಲ್ಲೇ. ಕಿಟಕಿಯ ಕತೆಯನ್ನೂ ಹೇಳಿದೆ — ಗಿರಾಕಿ ಹಟ ಹಿಡಿದರೆ ಸೌಂದರ್ಯದ ಮಾತಾಡಬೇಡಿ, ವಾಸ್ತು ಅನ್ನಿ, ಬಾಯಿ ಮುಚ್ಚುತ್ತಾರೆ. ತರಗತಿಯೆಲ್ಲ ನಕ್ಕಿತು. ಆ ದಿನ ನಾನೂ ನಕ್ಕೆ.

ಕೆಲವು ವರ್ಷಗಳಾದ ಮೇಲೆ ಗಿರಿಜಕ್ಕನಿಗೆ ತಡೆಯಲಾಗಲಿಲ್ಲ. ದೋಣಿ ತಡವಾದ ದಿನ ಮನೆಗೂ ದಡಕ್ಕೂ ಓಡಾಡಿ ಸಾಕಾಗಿ, ಆ ಕಿಟಕಿ ಇಡಿಸೋಣವೇ ಎಂದು ಗಂಡನನ್ನು ಕೇಳಿದರಂತೆ. ವಾಮನಣ್ಣ ನಕ್ಕುಬಿಟ್ಟರು. "ಎಂತ ಮಾರಾಯ್ತಿ, ಗಾಳಿ ದೇವರು ನನ್ನನ್ನು ಹುಡುಕಿಕೊಂಡು ಕಿಟಕಿಯಲ್ಲಿ ಬರಬೇಕಾ? ಕಡಲಲ್ಲಿ ದಿನಾ ಅವನ ಜೊತೆಗೇ ಇರುವುದಲ್ವಾ ನಾನು?" ಮೇಸ್ತ್ರಿಯನ್ನು ಕರೆಸಿ ಮೂಲೆಯ ಕೆಂಪುಕಲ್ಲು ತೆಗೆಸಿ ಕಿಟಕಿ ಇಡಿಸಿಕೊಟ್ಟರು. ಗಿರಿಜಕ್ಕ ಇದನ್ನು ನನಗೆ ಗೇಟಿನ ಬಳಿ ತಲೆತಗ್ಗಿಸಿ ಹೇಳಿದರು, ಮೇಷ್ಟ್ರ ಮಾತು ಮೀರಿದ ಹುಡುಗಿಯ ಹಾಗೆ. ಆಗಲಾದರೂ ನಿಜ ಹೇಳಬಹುದಿತ್ತು. ನನಗೆ ಬಂದದ್ದು ಸಿಟ್ಟು — ನನ್ನ ಮನೆಯ ಮುಖ ಕೆಡಿಸಿದರಲ್ಲ ಎಂದು.

ಆ ವರ್ಷ ಮಳೆಗಾಲ ಕಳೆದು ಕಡಲಿಗೆ ಇಳಿಯುವ ಹೊತ್ತಿಗೆ, ದಡದ ಹತ್ತಿರವೇ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ವಾಮನಣ್ಣ ಬರಲಿಲ್ಲ. ಗಿರಿಜಕ್ಕ ಅದನ್ನು ಆ ಕಿಟಕಿಯಿಂದಲೇ ನೋಡಿದ್ದರು.

ನಾನು ಮಾತಾಡಿಸಲು ಹೋದೆ. ಉತ್ತರಕ್ರಿಯೆ ಇನ್ನೂ ಆಗಿರಲಿಲ್ಲ. ಕಿಟಕಿಯನ್ನು ಮಾತ್ರ ಆಗಲೇ ಕಲ್ಲಿಟ್ಟು ಮುಚ್ಚಿಸಿದ್ದರು. ಸಿಮೆಂಟು ಹಸಿ ಇತ್ತು. ಗಿರಿಜಕ್ಕ ಅಳಲಿಲ್ಲ. ನನ್ನನ್ನು ನೋಡಿ, "ನೀವು ಹೇಳಿದ್ದಿರಿ ಮಾಸ್ಟ್ರೇ. ಕೇಳಲಿಲ್ಲ ನಾನು. ನಾನೇ ತೆಗೆಸಿದ್ದು," ಎಂದರು.

ನಾನು ತಲೆಯಾಡಿಸಿದೆ. ಹೌದೆಂದೂ ತಿಳಿಯಬಹುದು, ಅಲ್ಲವೆಂದೂ ತಿಳಿಯಬಹುದು, ಅಂಥ ಒಂದು ಆಡಿಸುವಿಕೆ. ಕೋಣೆಯ ತುಂಬ ಜನ, ಎಲ್ಲರೂ ನನ್ನನ್ನು ತಿಳಿದವನೆಂಬ ಗೌರವದಿಂದ ನೋಡುತ್ತಿದ್ದರು. ಒಂದು ವಾಕ್ಯ ಸಾಕಿತ್ತು. ಅದು ನಾಲಗೆಯ ತುದಿಯವರೆಗೆ ಬಂದು —

ಇನ್ನೊಂದನ್ನು ಹೇಳದಿದ್ದರೆ ಈ ನಿವೇದನೆ ಅರ್ಧ. ಅಂಗಳಕ್ಕೆ ಇಳಿದು ತಿರುಗಿ ನೋಡಿದೆ. ನಡುವೆ ಬಾಗಿಲು, ಆಚೀಚೆ ಒಂದೊಂದು ಕಿಟಕಿ. ಮನೆಯ ಮುಖ ಮತ್ತೆ ಸರಿಯಾಯಿತು ಎಂದು ನನ್ನ ಮನಸ್ಸು ಹೇಳಿತು. ಸಾವಿನ ಮನೆಯ ಅಂಗಳದಲ್ಲಿ, ನನ್ನ ಮನಸ್ಸು ಅದನ್ನು ಹೇಳಿತು.

ಆಮೇಲೆ ಗಿರಿಜಕ್ಕ ಮಣಿಪಾಲಕ್ಕೆ ಬರುವುದನ್ನು ಬಿಟ್ಟರು. ನಾನು ಅವರ ಮನೆಯ ದಾರಿ ಬಿಟ್ಟೆ; ಕಾಪು ದಾಟಿ ಉಚ್ಚಿಲದ ಕಡೆಗೆ ಹೋಗುವಾಗ ಬಸ್ಸಿನಲ್ಲಿ ಕಡಲ ಬದಿಯ ಸೀಟನ್ನೂ ಬಿಟ್ಟೆ. ನಿವೃತ್ತನಾದೆ. ಮೊನ್ನೆ ಹಳೆಯ ಶಿಷ್ಯನೊಬ್ಬನ ಫೋನು ಬಂತು. ಅವನೀಗ ಕಾರ್ಕಳದಲ್ಲಿ ಮನೆಗಳನ್ನು ಕಟ್ಟಿಸುತ್ತಾನೆ. ಬಜಗೋಳಿಯ ಮನೆಯೊಂದರ ಅಜ್ಜಿ ಒಂದು ಪಕ್ಕಕ್ಕೆ ಮಾತ್ರ ಜಗಲಿ ಬೇಕೆಂದು ಹಟ ಹಿಡಿದಿದ್ದರಂತೆ.

"ಸರ್, ನಿಮ್ಮ ಮಂತ್ರ ಈಗಲೂ ಕೆಲಸ ಮಾಡ್ತದೆ! ವಾಸ್ತು ಅಂದೆ. ಅಜ್ಜಿ ಫುಲ್ ಸೈಲೆಂಟ್."

"ಆ ಜಗಲಿ ಕಟ್ಟಿಕೊಡು ಮಾರಾಯ. ಸುಳ್ಳು ಹೇಳಿದೆ ಅಂತ ಅವರ ಹತ್ತಿರ ಇವತ್ತೇ ಹೇಳು," ಎಂದೆ. ಅವನು ತಮಾಷೆಯೆಂದು ಸ್ವಲ್ಪ ನಕ್ಕು, ನಾನು ನಗದಿರುವುದನ್ನು ಗಮನಿಸಿ ಫೋನಿಟ್ಟ.

ಮರುದಿನ ಕಾಪುವಿಗೆ ಹೋದೆ. ಗಿರಿಜಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಮಾಸ್ಟ್ರು ಮೀನು ಹುಡುಕಿಕೊಂಡು ಇಷ್ಟು ದೂರ ಬಂದದ್ದಾ?" ಎಂದು ಹಳೆಯ ದನಿಯಲ್ಲೇ ನಕ್ಕರು. ಕುಳಿತು, ಎಲ್ಲವನ್ನೂ ಹೇಳಿದೆ. ವಾಯುವ್ಯಕ್ಕೆ ಯಾವ ದೋಷವೂ ಇಲ್ಲ. ಮನೆಯ ಮುಖಕ್ಕೆ ಎಡಬಲ ಸಮ ಕಾಣಲಿ ಎಂದು ಕಟ್ಟಿ ಹೇಳಿದ ಸುಳ್ಳು ಅದು. ವಾಮನಣ್ಣ ಹೋದದ್ದು ಅಲೆಯಿಂದ, ಕಿಟಕಿಯಿಂದಲ್ಲ. ಅಲ್ಲೇ ಬಿದ್ದಿದ್ದ ಪೇಪರಿನ ಅಂಚಿನಲ್ಲಿ ಆ ಮುಖವನ್ನು ಬರೆದೂ ತೋರಿಸಿದೆ.

ಅವರು ಆ ಚಿತ್ರವನ್ನು ನೋಡಿದರು. ಆಮೇಲೆ ನನ್ನ ಕೈಯನ್ನು ತಟ್ಟಿದರು — ಸಮಾಧಾನ ಮಾಡುವ ಹಾಗೆ, ನನಗೆ.

"ನನ್ನ ಎದೆ ಹಗುರ ಆಗಲಿ ಅಂತ ಹೇಳುತ್ತೀರಿ. ಗೊತ್ತುಂಟು ನನಗೆ. ದೊಡ್ಡ ಮನಸ್ಸು ನಿಮ್ಮದು."

"ಇಲ್ಲ ಗಿರಿಜಕ್ಕ, ನಿಜ ಇದೇ."

"ಗೋಡೆ ಚಂದ ಕಾಣಬೇಕು ಅಂತ ಯಾರಾದರೂ ಒಬ್ಬಳ ಗಂಡನ ಜೀವದ ಮೇಲೆ ಸುಳ್ಳು ಹೇಳುತ್ತಾರಾ ಮಾಸ್ಟ್ರೇ? ನೀವು ಅಂಥವರಲ್ಲ."

ಮತ್ತೆರಡು ಸಲ ಹೋಗಿ ಹೇಳಿದ್ದೇನೆ. ಅವರು ನಂಬಿಲ್ಲ. ಆ ಮೂಲೆಯ ಗೋಡೆಯಲ್ಲಿ ಕಿಟಕಿ ಇಲ್ಲ.