ಕಟ್ಟೆಯ ಮೇಲೆ ಹರಡಿದ ಪುಸ್ತಕಗಳು

ಕಳೆದ ವಾರ ಬೈಲಹೊಂಗಲದ ಬಸ್ ನಿಲ್ದಾಣದ ಗೋಡೆಗೆ ಒಬ್ಬಾತ ನಾಟಕದ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನಲ್ಲಿ ಆಗಷ್ಟೇ ಕಾಯಿಸಿ ತಂದ ಮೈದಾ ಅಂಟು. ಅದರ ವಾಸನೆಗೆ ನಿಂತುಬಿಟ್ಟೆ. ನಾನು ಹತ್ತಬೇಕಿದ್ದ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ...

ಅದೇ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆ ಪುಸ್ತಕದ ಕಾಕಾನ ಅಂಗಡಿ ಇತ್ತು. ನಾನು ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದ ಹೊಸತರಲ್ಲಿ ಶಾಲೆ ಬಿಟ್ಟ ಮೇಲೆ ಅಲ್ಲಿ ಅರ್ಧ ಗಂಟೆ ಕೂಡುವುದು ರೂಢಿಯಾಯಿತು. ಕಾಕಾ ರದ್ದಿಯವರಿಂದ ತಂದ ಚೀಲಗಳನ್ನು ಸುರುವಿ, ಓದಲು ಬರುವಂಥವನ್ನು ಆರಿಸಿ, ಒಣ ಬಟ್ಟೆಯಿಂದ ಒರೆಸಿ ನೆರಳಲ್ಲಿ ಬಿಡಿಸಿಡುತ್ತಿದ್ದರು. "ಬಿಸಲಿಗೆ ಹಾಕಿದ್ರ ಹಾಳಿ ಮುರೀತಾವ್ರಿ ಅಕ್ಕಾರ" ಎನ್ನುತ್ತಿದ್ದರು. ಹರಿದ ಹಾಳೆ ಅಂಟಿಸಲು ಇಂಥದೇ ಮೈದಾ ಅಂಟು ಕಾಯಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ದಾರಕ್ಕೆ ಮೇಣಬತ್ತಿ ತಿಕ್ಕಿ ಪುಸ್ತಕದ ಬೆನ್ನು ಹೊಲಿಯುವುದನ್ನು ನನಗೂ ಕಲಿಸಿದರು.

ಆಮೇಲೆ ನನ್ನ ತವರು ಮುನವಳ್ಳಿಯಲ್ಲಿ ಅಪ್ಪ ತೀರಿಕೊಂಡರು. ಪೌರೋಹಿತ್ಯ ಮಾಡಿಕೊಂಡಿದ್ದ ಅಪ್ಪನಿಗೆ ಓದೇ ಉಸಿರು. ವ್ಯಾಕರಣ, ಪುರಾಣ, ಹಳಗನ್ನಡ ಕಾವ್ಯ ಎಂದು ಮೂರು ಕಪಾಟು ತುಂಬಿದ್ದವು. ಅಣ್ಣನಿಗೆ ಆ ಕೋಣೆ ಖಾಲಿಯಾಗಬೇಕಿತ್ತು. ನನ್ನದು ಎರಡು ಕೋಣೆಯ ಬಾಡಿಗೆ ಮನೆ. ನಾನೇ ಕಾಕಾನನ್ನು ಕರೆದುಕೊಂಡು ಹೋದೆ.

ಕಾಕಾ ಮೆಟ್ಟಿಲು ಹತ್ತುವಾಗ ಅಣ್ಣ ಕೇಳಿದ, "ಯಾವ ಊರ್ರಿ ನಿಮ್ಮದು?"

"ದೊಡವಾಡ್ರಿ."

"ದೊಡವಾಡದಾಗ ಯಾವ ಓಣಿ?"

ಕಾಕಾ ಅಲ್ಲೇ ನಿಂತರು. "ನಮ್ಮ ಓಣಿ ಊರ ಹೊರಗ ಐತ್ರಿ."

ಅಣ್ಣನ ಮುಖ ಗಡುಸಾಗಲಿಲ್ಲ. ನಗುತ್ತಲೇ ಹೇಳಿದ, "ನೀವು ಇಲ್ಲೇ ಕೂಡ್ರಿ. ಪುಸ್ತಕ ನಾನ ಹೊರಗ ತಂದು ಹಾಕ್ತೀನಿ. ನಿಮಗ್ಯಾಕ ಒಳಗ ಬರೋ ತ್ರಾಸು?"

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಅಣ್ಣ ಕಟ್ಟೆಯ ಮೇಲೆ ತಂದು ಒಗೆದ ಒಂದೊಂದು ಪುಸ್ತಕವನ್ನೂ ಎತ್ತಿ, ಒರೆಸಿ, ಮಡಚಿದ ಹಾಳೆ ನೇರ ಮಾಡಿ ಚೀಲಕ್ಕಿಟ್ಟರು. ಮಧ್ಯಾಹ್ನವಾಯಿತು. ನೀರು ಕೇಳಲಿಲ್ಲ. ನಾನೂ ತಂದುಕೊಡಲಿಲ್ಲ... ಒಂದೇ ಬಸ್ಸಿನಲ್ಲಿ ಮರಳಿದೆವು.

ಬೇರೆ ಅಂಗಡಿಯವರು ಹಳೆ ಪುಸ್ತಕದಲ್ಲಿ ಹೆಸರು ಬರೆದ ಮೊದಲ ಹಾಳೆ ಕಿತ್ತೊಗೆಯುತ್ತಾರೆ. ಕಾಕಾ ಕೀಳುತ್ತಿರಲಿಲ್ಲ. ಅಪ್ಪನ ಪುಸ್ತಕ ಮಾರಿದ್ದು ಆ ಹೆಸರಿನಿಂದ ಊರಿಗೆಲ್ಲ ತಿಳಿಯುತ್ತದಲ್ಲ ಎಂದು ನನಗೆ ನಾಚಿಕೆ. ಅದನ್ನು ಕಿತ್ತುಬಿಡಿ ಎಂದೆ.

"ಕೀಳಾಂಗಿಲ್ರಿ. ಓದಿದವರ ಹೆಸರದು" ಎಂದರು. ಅಷ್ಟೇ.

ಮುಂದಿನ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಸ್ಕೃತ ಎಂ.ಎ. ಸೇರಿದೆನೆಂದು ಹೇಳಲು ಬಂದಳು. ದೊಡವಾಡದಲ್ಲಿ ಕಾಕಾನ ಓಣಿಯವಳೇ. ಕೈಯಲ್ಲಿ ಅಪ್ಪನ ವ್ಯಾಕರಣ ಪುಸ್ತಕ. ಅಪ್ಪನ ಹೆಸರಿನ ಕೆಳಗೆ ದುಂಡಗೆ ತನ್ನ ಹೆಸರು ಬರೆದುಕೊಂಡಿದ್ದಳು. ಅಂಚಿನಲ್ಲಿ ಅಪ್ಪ ಬರೆದ ಟಿಪ್ಪಣಿ ತೋರಿಸಿ, "ಟೀಚರ್, ಇದು ನನಗ ಭಾಳ ಉಪಯೋಗ ಆಗೇತ್ರಿ" ಎಂದಳು. ಅವಳ ತಲೆ ನೇವರಿಸಿದೆ.

ಅಂದು ಸಂಜೆ ಅಂಗಡಿಗೆ ಹೋದೆ. ಕಾಕಾ ಹೊಲಿಯುತ್ತಿದ್ದರು. "ಕಾಕಾ, ಅವತ್ತು ಮುನವಳ್ಳ್ಯಾಗ ನಾ ಸುಮ್ಮನ ನಿಂತಿದ್ದೆ. ತಪ್ಪಾತು" ಎಂದೆ.

ಅವರು ತಲೆ ಎತ್ತಲಿಲ್ಲ. "ಹೌದ್ರಿ ಅಕ್ಕಾರ, ಸುಮ್ಮನ ನಿಂತಿದ್ರಿ. ನಾ ನೋಡೇನಿ." ಹೊಸ ದಾರಕ್ಕೆ ಮೇಣಬತ್ತಿ ತಿಕ್ಕುತ್ತ, "ಆ ಸೂಜಿ ಇತ್ಲಾಗ ಕೊಡ್ರಿ" ಎಂದರು.

ಪರವಾಗಿಲ್ಲ ಎನ್ನಲಿಲ್ಲ. ಬರಬೇಡಿ ಎಂದೂ ಅನ್ನಲಿಲ್ಲ. ನಾನು ಹೋಗುತ್ತಲೇ ಇದ್ದೆ. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ.

ವರ್ಷಗಳು ಕಳೆದಂತೆ ಅಂಗಡಿಯಲ್ಲಿ ಗೈಡುಗಳನ್ನು ಬಿಟ್ಟರೆ ಏನೂ ಹೋಗದಂತಾಯಿತು. ಫೋನುಗಳು ಬಂದ ಮೇಲೆ ಅವೂ ನಿಂತವು. ಕಾಕಾನ ಕಣ್ಣು ಮಂಜಾದವು. ಚೀಲ ಬಂದಾಗ ಪುಸ್ತಕಗಳ ಹೆಸರು ಓದಿ ಹೇಳಿ ಎಂದು ನನ್ನನ್ನು ಕರೆಯುತ್ತಿದ್ದರು. ಕೆಲ ದಿನ ಓದಿ ಹೇಳಿದೆ. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ಮಂಡಿನೋವು... ಹೋಗುವುದು ತಪ್ಪಿತು. ಬೇಸಿಗೆ ರಜೆ ಮುಗಿಸಿ ಬಂದಾಗ ಬಾಗಿಲು ಮುಚ್ಚಿತ್ತು. ಕಾಕಾ ತೀರಿಕೊಂಡು ತಿಂಗಳಾಯಿತು ಎಂದು ಪಕ್ಕದ ಪಾನ್ ಅಂಗಡಿಯವನು ಹೇಳಿದ. ಪುಸ್ತಕಗಳನ್ನು ರದ್ದಿ ಲಾರಿ ಒಯ್ದಿತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ.

ನಾನೂ ನಿವೃತ್ತಳಾಗಿ ಬಹಳ ವರ್ಷವಾಯಿತು. ನಿನ್ನೆ ಸೊಸೆ ನನ್ನ ಕಪಾಟಿನ ಮುಂದೆ ನಿಂತು ಮೆಲ್ಲಗೆ ಕೇಳಿದಳು, "ಅತ್ತಿ, ನೀವು ಓದದ್ದು ಒಂದಿಷ್ಟು ಕೊಟ್ಟುಬಿಡೋಣೇನು? ಹಳೇ ಪುಸ್ತಕ ತಗೊಳ್ಳೋರು ನಿಮಗ ಯಾರರ ಗೊತ್ತಿದ್ದಾರೇನು?"

"ಒಬ್ಬರಿದ್ರು" ಎಂದೆ.

ಅವಳು ಫೋನು ಕೈಗೆತ್ತಿಕೊಂಡು, ನಾನು ನಂಬರು ಹೇಳುತ್ತೇನೆಂದು ಕಾಯುತ್ತ ನಿಂತಳು.